ಜವಾಡಿಲ್ ಮೇಸ್ತ್ರಿ ನೃತ್ಯಕೂಟಕ್ಕೆ ಹೊರಟದ್ದು

ಎಂಗಲ್ಬರ್ಟ್ ಜವಾಡಿಲ್‌ಗೆ ನೃತ್ಯ ಮಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಕಂಡರೆ ಅನ್ನುವುದು ಬರೀ ಮಾತಿಗೆ. ಮೂವತ್ತೊಂಬತ್ತು ವರ್ಷಗಳಲ್ಲಿ ಅವನು ಅವರನ್ನು ಒಂದು ಸಲವೂ ಕಂಡಿರಲಿಲ್ಲ. ಅವನು ಕಂಡದ್ದೆಲ್ಲ ಅವರು ನೆಲಕ್ಕೆ ಮಾಡಿ ಹೋದ ಗಾಯಗಳನ್ನು.

ವಿಯೆನ್ನಾದಲ್ಲಿ ಹೊಸವರ್ಷ ಕಳೆದರೆ ನೃತ್ಯಕೂಟಗಳ ಸುಗ್ಗಿ. ಮಿಠಾಯಿಯವರದ್ದೊಂದು, ವಕೀಲರದ್ದೊಂದು, ಚಿಮಣಿ ಗುಡಿಸುವವರದ್ದೊಂದು. ಟ್ರೌನ್‌ಫೆಲ್ಸ್ ಅರಮನೆಯ ದೊಡ್ಡ ಸಭಾಂಗಣದಲ್ಲೇ ಒಂದು ಸುಗ್ಗಿಗೆ ಇಪ್ಪತ್ತು ಕೂಟ ನಡೆಯುತ್ತಿದ್ದವು. ಪ್ರತಿ ಕೂಟದ ಮರುದಿನ ಬೆಳಗ್ಗೆ ಏಳಕ್ಕೆ ಎಂಗಲ್ಬರ್ಟ್ ಹಿಂದಿನ ಅಂಗಳದ ಬಾಗಿಲಿಂದ ಒಳಗೆ ಬಂದು, ಚರ್ಮದ ಮಂಡಿಪಟ್ಟಿ ಕಟ್ಟಿಕೊಂಡು, ಮರದ ನೆಲ ಸರಿಮಾಡಲು ಮಂಡಿಯೂರುತ್ತಿದ್ದ. ಹೆಂಗಸರ ಚಪ್ಪಲಿಯ ಹಿಮ್ಮಡಿ ಚುಚ್ಚಿದ ಗುಳಿಗಳು, ಚೆಲ್ಲಿದ ವೈನಿನ ಕಲೆ, ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಮಣಿ, ಕೂದಲ ಪಿನ್ನು. ಒಮ್ಮೆ ಒಂದು ಕರಿಯ ಹುಳ ಬಿದ್ದಿದೆಯೆಂದು ಚಪ್ಪಲಿಯಿಂದ ಹೊಡೆದ. ಎತ್ತಿ ನೋಡಿದರೆ ಯಾವಳೋ ಅಂಟಿಸಿಕೊಂಡಿದ್ದ ಕಣ್ಣಿನ ರೆಪ್ಪೆ.

ಆ ನೆಲ ಅವನದ್ದೇ ಅಂದರೂ ತಪ್ಪಲ್ಲ. ಯುದ್ಧ ಮುಗಿದ ಚಳಿಗಾಲದಲ್ಲಿ ಊರಿನವರು ಅಲ್ಲಿದ್ದ ಹಳೆಯ ಮರವನ್ನೆಲ್ಲ ಕಿತ್ತು ಒಲೆಗೆ ಹಾಕಿ ಜೀವ ಉಳಿಸಿಕೊಂಡಿದ್ದರು. ಮರುವರ್ಷ ಇಪ್ಪತ್ತೊಂದರ ಎಂಗಲ್ಬರ್ಟ್ ಮೂವರು ಮುದಿ ಮೇಸ್ತ್ರಿಗಳ ಕೈಕೆಳಗೆ ಓಕ್ ಪಟ್ಟಿ ಜೋಡಿಸತೊಡಗಿದ. ಮುದುಕರು ಒಬ್ಬೊಬ್ಬರಾಗಿ ತೀರಿಹೋದರು. ಈಗ ಯಾವ ಪಟ್ಟಿ ಯಾವ ತೊಲೆಯ ಮೇಲೆ ಕೂತಿದೆ ಎಂದು ಬಲ್ಲವನು ಇಡೀ ಊರಲ್ಲಿ ಅವನೊಬ್ಬನೇ.

ಅವನಿಗೆ ಅರ್ಥವಾಗದ್ದೊಂದು ಇತ್ತು. ಸಭಾಂಗಣದ ನಡುಭಾಗದಲ್ಲಿ ಗೀರುಗಳೆಲ್ಲ ಯಾವಾಗಲೂ ಎಡಕ್ಕೇ ಬಾಗಿರುತ್ತಿದ್ದವು, ಯಾರೋ ಕೈವಾರ ಹಿಡಿದು ಎಳೆದ ಹಾಗೆ. ನೆಲವೇ ಓರೆಯಿರಬಹುದೆಂದು ಎರಡು ಸಲ ಮಟ್ಟ ಇಟ್ಟು ನೋಡಿದ್ದ. ಓರೆ ಇರಲಿಲ್ಲ. “ಜನ ಓರೆ” ಎಂದುಕೊಂಡು ಮೇಣ ತಿಕ್ಕಿದ್ದ.

ಅವನಿಗೆ ಅರವತ್ತಾದ ವರ್ಷ, ನವೆಂಬರ್ ತಿಂಗಳ ಒಂದು ಸಂಜೆ, ಓಟಾಕ್ರಿಂಗ್ ಬಡಾವಣೆಯ ಮೂರನೇ ಮಹಡಿಯ ಮನೆಯಲ್ಲಿ ಅವನು, ಹೆಂಡತಿ, ಮಗಳು ಮೂವರೂ ಊಟಕ್ಕೆ ಕೂತಿದ್ದರು. ಮಗಳು ಕೊರ್ನೇಲಿಯಾ ಹೂವಿನಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಹತ್ತೊಂಬತ್ತು ವಯಸ್ಸು, ಮನೆಯಲ್ಲಿ ಎಲ್ಲರಿಗೂ ನೆಲ್ಲಿ.

“ಪಪ್ಪಾ, ನನ್ನನ್ನ ಆರಿಸಿದ್ರು” ಅಂದಳು.

“ಯಾತಕ್ಕೆ?”

“ಹೂಗಾರರ ಸಂಘದ ಕೂಟಕ್ಕೆ. ಬಿಳೀ ಉಡುಪಲ್ಲಿ ಮೊದಲ ನೃತ್ಯ ಮಾಡಿ ಕೂಟ ತೆರೀತಾರಲ್ಲ, ತೊಂಬತ್ತಾರು ಜೋಡಿ, ಅದ್ರಲ್ಲಿ ನಾನೂ ಒಬ್ಳು.”

ಅವನ ಹೆಂಡತಿ ರೋಸ್ವಿಟಾ ಸೌಟನ್ನು ಸಾರಿಗೇ ಬಿಟ್ಟು ಎದ್ದು ಮಗಳನ್ನು ಅಪ್ಪಿಕೊಂಡಳು. ಎಂಗಲ್ಬರ್ಟ್ ಚಮಚ ಕೆಳಗಿಟ್ಟ. “ಎಲ್ಲಿ ನಡೆಯುತ್ತೆ?”

ನೆಲ್ಲಿ ತಟ್ಟೆಯಲ್ಲಿದ್ದ ಕಡುಬನ್ನು ಅಂಚಿಗೆ ತಳ್ಳಿದಳು. “ಟ್ರೌನ್‌ಫೆಲ್ಸ್‌ನಲ್ಲಿ.”

“ನನ್ನ ನೆಲದ ಮೇಲಾ?”

“ಅದು ನಿನ್ನ ನೆಲ ಅಂತ ಅಲ್ಲೆಲ್ಲೂ ಬೋರ್ಡ್ ಹಾಕಿಲ್ಲ ಪಪ್ಪಾ.”

“ಚಪ್ಪಲಿ ಹಿಮ್ಮಡಿ ಎಷ್ಟೆತ್ತರ?”

“ಐದು ಸೆಂಟಿಮೀಟರ್.”

“ಅಗಲ?”

“ಹಿಮ್ಮಡಿ ಅಗಲ ಯಾರಾದ್ರೂ ಅಳೀತಾರಾ?”

“ನಾನು ಅಳೀತೀನಿ.”

ರೋಸ್ವಿಟಾ ನಡುವೆ ಬಾಯಿ ಹಾಕಿದಳು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸುವವಳು, ದನಿಗೆ ಬರವಿರಲಿಲ್ಲ. “ಸಾಕು ನಿನ್ನ ಅಳತೆ. ತಂದೆ ತಾಯಿ ಹೋಗೋದು ವಾಡಿಕೆ. ನಾವೂ ಹೋಗ್ತೀವಿ. ಹೋಗಿ ನಾವೂ ಕುಣೀತೀವಿ.”

“ನನ್ನ ಮೊಣಕಾಲು ಗೊತ್ತಲ್ಲ ನಿನಗೆ.”

“ಇಪ್ಪತ್ತಾರು ವರ್ಷದಿಂದ ಕೇಳ್ತಿದೀನಿ ಆ ಮೊಣಕಾಲಿನ ಪುರಾಣ. ಸಿಕ್ಕ ಸಿಕ್ಕ ನೆಲಕ್ಕೆಲ್ಲ ಮಂಡಿ ಊರ್ತೀಯ ಬೆರ್ಟ್ಲ್. ಮದುವೆಗೆ ನನ್ನ ಕೈ ಕೇಳೋಕೆ ಬಂದಾಗ ಮಾತ್ರ ಕಂಬದ ಹಾಗೆ ನಿಂತ್ಕೊಂಡೇ ಕೇಳ್ದೆ.”

ಅದು ನಿಜವಾಗಿತ್ತು. ಅವನು ಚಮಚ ಮತ್ತೆ ಕೈಗೆತ್ತಿಕೊಂಡ.

ಅಂದಿನಿಂದ ಆ ಎರಡು ಕೋಣೆಯ ಮನೆ ಮನೆಯಾಗಿ ಉಳಿಯಲಿಲ್ಲ. ನೆಲ್ಲಿಯ ಉಡುಪಿಗೆ ಬಟ್ಟೆ ಬಂತು. ಬಿಳಿ ಅಂದರೆ ಬಿಳಿಯೇ ಆಗಬೇಕು, ಹಾಲಿನ ಬಿಳಿ ಆಗದು, ದಂತದ ಬಿಳಿ ಆಗದು ಎಂದು ಸಂಘದವರು ಕಾಗದ ಕಳಿಸಿದ್ದರು. ರೋಸ್ವಿಟಾ ಬಟ್ಟೆಯನ್ನು ಕಿಟಕಿಗೆ ಒಯ್ದು ಹೊರಗಿನ ಹಿಮಕ್ಕೆ ಹಿಡಿದು ನೋಡಿ, ಎರಡು ಸಲ ಅಂಗಡಿಗೆ ಮರಳಿಸಿ ಬಂದಳು. ಮೊಣಕೈ ದಾಟುವ ಕೈಗವಸು ಬಂತು. ಕೈಗವಸು ಹಾಕಿಕೊಂಡೇ ಬಾಗಿಲ ಚಿಲಕ ತೆಗೆಯುವುದು, ಹೂಗುಚ್ಛ ಹಿಡಿಯುವುದು, ಮೂಗು ಒರೆಸಿಕೊಳ್ಳುವುದು ಇವನ್ನೆಲ್ಲ ನೆಲ್ಲಿ ಅಭ್ಯಾಸ ಮಾಡಿದಳು. ಅವಳ ಜೋಡಿ ಸೆವೆರಿನ್ ಹಲ್ಲಿನ ವೈದ್ಯಕೀಯ ಓದುತ್ತಿದ್ದ ಹುಡುಗ. ಅವಳಿಗಿಂತ ಒಂದೂವರೆ ತಲೆ ಎತ್ತರ. ಅವರಿಬ್ಬರು ಓಣಿಯಂಥ ಪಡಸಾಲೆಯಲ್ಲಿ ಸುತ್ತುವಾಗ ಕೋಟು ತೂಗುಹಾಕುವ ಗೂಟ ಎರಡು ಸಲ ಕಿತ್ತುಬಂತು. ಎಂಗಲ್ಬರ್ಟ್ ಎರಡು ಸಲವೂ ಮೊಳೆ ಹೊಡೆದ.

ಅವನಿಗೂ ಬಿಡುಗಡೆ ಇರಲಿಲ್ಲ. ಹಿಂದೆ ಎರಡು ಬಾಲ ಇಳಿಬಿದ್ದ ಕರಿಕೋಟೇ ಆಗಬೇಕೆಂದು ಆಹ್ವಾನದಲ್ಲಿ ಬರೆದಿತ್ತು. ಬಾಡಿಗೆ ಅಂಗಡಿಯ ಮುದುಕ ಅವನ ಸುತ್ತ ಟೇಪು ಹಿಡಿದು ಮೂರು ಸುತ್ತು ಬಂದು ನಿಟ್ಟುಸಿರು ಬಿಟ್ಟ.

“ಭುಜ ನೋಡಿದ್ರೆ ಎತ್ತಿನದು. ಕಾಲು ನೋಡಿದ್ರೆ ಕೊಕ್ಕರೇದು. ದೇವರು ನಿಮ್ಮನ್ನ ಎರಡು ಕಂತಲ್ಲಿ ಮಾಡಿದಾನೆ ಸ್ವಾಮಿ.”

“ಕೋಟು ಹಾಕ್ಕೊಂಡು ಕೂರಬಹುದಾ?”

“ಕೂರಬಹುದು. ಬಾಲ ಎತ್ತಿ ಕೂರಬೇಕು, ಹೇಂಟೆ ತರಹ.”

ಜನವರಿ ಮೂರನೇ ವಾರ ಅರಮನೆಯ ಕಚೇರಿಯಿಂದ ಕರೆ ಬಂತು. ತಾಲೀಮು ಶುರುವಾಗಿದೆ, ನೆಲದಲ್ಲಿ ಎಲ್ಲೋ ‘ಟಕ್’ ಎಂದು ಸದ್ದು ಬರುತ್ತಿದೆ, ಮೇಸ್ತ್ರಿಗಳು ಒಮ್ಮೆ ಬಂದು ನೋಡಬೇಕು. ಅವನು ಶನಿವಾರ ಹೋಗಿ ಬರಿಗಾಲಲ್ಲಿ ಇಡೀ ಸಭಾಂಗಣ ಅಡ್ಡ ಉದ್ದ ನಡೆದ. ಒಂದು ಸದ್ದಿಲ್ಲ. ಮಂಡಿಯೂರಿ ಬೆರಳ ಗೆಣ್ಣಿನಿಂದ ಒಂದೊಂದೇ ಪಟ್ಟಿ ತಟ್ಟಿದ. ಎಲ್ಲವೂ ಗಟ್ಟಿ. “ಈ ಕುಣಿಯೋರ ತಲೇಲೇ ಏನೋ ಸಡಿಲ ಆಗಿದೆ” ಎಂದು ಮನೆಗೆ ಬಂದ. ಭಾನುವಾರ ಮತ್ತೆ ಕರೆ ಬಂತು: ತಾಲೀಮು ನಡೆಯುತ್ತಿದೆ, ಸದ್ದು ಬರುತ್ತಿದೆ, ಈಗಲೇ ಬನ್ನಿ.

ಹಾಗೆ ಮಧ್ಯಾಹ್ನ ಎರಡು ಗಂಟೆಗೆ, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು, ಜವಾಡಿಲ್ ಮೇಸ್ತ್ರಿ ತನ್ನ ನೆಲದ ಮೇಲೆ ಮೊದಲ ಬಾರಿಗೆ ಮನುಷ್ಯರನ್ನು ಕಂಡ.

ನೂರಾ ತೊಂಬತ್ತೆರಡು ಮಂದಿ. ಹುಡುಗಿಯರು ಸ್ವೆಟರು, ಸಾದಾ ಲಂಗ, ಅದರ ಮೇಲೆ ಆ ಬಿಳಿಯ ಉದ್ದ ಕೈಗವಸು ಹಾಕಿದ್ದರು. ಹುಡುಗರ ಕತ್ತಲ್ಲಿ ಬೆವರು. ಕುರ್ಚಿಯ ಮೇಲೆ ನಿಂತಿದ್ದವಳು ನೃತ್ಯಶಾಲೆಯ ಮಟೌಷೆಕ್ ಮೇಡಂ. ಎಪ್ಪತ್ತು ದಾಟಿದವಳು, ನೆಟ್ಟಗೆ ಕೋಲಿನಂಥ ಬೆನ್ನು.

“ಕೈಗೆ ಮುತ್ತು, ಮೇಡಂ” ಎಂದು ಅವನು ಆ ಊರಿನ ರೂಢಿಯಂತೆ ವಂದಿಸಿದ. “ಒಂದರ್ಧ ಗಂಟೆ ಇವರನ್ನ ಹೊರಗೆ ಕಳಿಸಿ. ನಾನು ನೋಡ್ತೀನಿ.”

“ಹನ್ನೊಂದು ದಿನ ಉಳಿದಿದೆ ಮೇಸ್ತ್ರಿಗಳೇ. ಇವರಲ್ಲಿ ಅರ್ಧ ಜನಕ್ಕೆ ಎಡ ಯಾವುದು ಬಲ ಯಾವುದು ಅಂತ ಇನ್ನೂ ಗೊತ್ತಿಲ್ಲ. ಅರ್ಧ ನಿಮಿಷಾನೂ ಕೊಡಲ್ಲ. ಗೋಡೆ ಪಕ್ಕ ನಿಂತು ನೋಡಿ.” ಅವಳು ಚಪ್ಪಾಳೆ ತಟ್ಟಿದಳು. “ಎಡಕ್ಕೆ, ಮಕ್ಕಳೇ! ಎಡಕ್ಕೆ!”

ಪಿಯಾನೋ ಶುರುವಾಯಿತು. ತೊಂಬತ್ತಾರು ಜೋಡಿ ಒಟ್ಟಿಗೆ ಎಡಕ್ಕೆ ತಿರುಗಿದವು.

ಎಂಗಲ್ಬರ್ಟ್‌ನ ಚೀಲ ಹೆಗಲಿಂದ ಜಾರಿ ನೆಲ ಮುಟ್ಟಿತು. ಮೂವತ್ತೊಂಬತ್ತು ವರ್ಷ ಮೇಣ ತಿಕ್ಕಿ ಅಳಿಸಿದ ಆ ಬಾಗಿದ ಗೀರುಗಳು ಅವನ ಕಣ್ಣೆದುರು ಎದ್ದು ನಿಂತು, ಕೈಕಾಲು ಮುಖ ಪಡೆದು ಸುತ್ತುತ್ತಿದ್ದವು. ಜೋಡಿಯಾಗಿ ಸುತ್ತುವ ಮಾಮೂಲು ವಾಲ್ಟ್ಜ್ ನೃತ್ಯ ಬಲಕ್ಕೆ ಸುತ್ತುತ್ತದೆ. ಕೂಟ ತೆರೆಯುವವರು ಮಾತ್ರ ಎಡಕ್ಕೆ ಸುತ್ತಬೇಕು, ಅದೇ ಕಷ್ಟ, ಅದೇ ಸೊಗಸು. ನೆಲ ಓರೆಯಿರಲಿಲ್ಲ, ಜನವೂ ಓರೆಯಿರಲಿಲ್ಲ. ಪ್ರತಿ ವರ್ಷ ಯಾರೋ ಹತ್ತೊಂಬತ್ತು ವಯಸ್ಸಿನವರು ಹೀಗೆ ಉಸಿರು ಬಿಗಿಹಿಡಿದು, ತುಟಿ ಕಚ್ಚಿ, ಒಂದು ಎರಡು ಮೂರು ಎಣಿಸುತ್ತಾ ಇಲ್ಲಿ ಸುತ್ತಿದ್ದರು. ಅದನ್ನು ಅವನು ಗಾಯ ಅಂದುಕೊಂಡಿದ್ದ.

ಇನ್ನೊಂದು ಸಂಗತಿ ಅವನ ಪಾದಕ್ಕೆ ಗೊತ್ತಾಯಿತು. ನೆಲ ಉಸಿರಾಡುತ್ತಿತ್ತು. ತೊಲೆಗಳ ಮೇಲೆ ಕೂತ ಆ ಓಕ್ ಮರ ಪ್ರತಿ ‘ಒಂದಕ್ಕೆ’ ಕೂದಲೆಳೆಯಷ್ಟು ಇಳಿದು, ‘ಮೂರಕ್ಕೆ’ ಮತ್ತೆ ಏಳುತ್ತಿತ್ತು, ಮಲಗಿದ ಹಸುವಿನ ಪಕ್ಕೆಯ ಹಾಗೆ. ಮುದಿ ಮೇಸ್ತ್ರಿಗಳು ಹೇಳುತ್ತಿದ್ದರು, ಮೊಳೆ ಬಿಗಿಯಾಗಿ ಹೊಡೀಬೇಡ್ವೋ, ನೆಲಕ್ಕೆ ಜಾಗ ಬಿಡು ಅಂತ. ಯಾತಕ್ಕೆ ಜಾಗ ಎಂದು ಅವನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಆಗ ಕೇಳಿಸಿತು. ಟಕ್.

ತೊಂಬತ್ತಾರು ಜೋಡಿ ಒಂದೇ ಕ್ಷಣಕ್ಕೆ ಹೆಜ್ಜೆಯೂರಿದಾಗ ಮಾತ್ರ ಬರುವ ಸದ್ದು. ಒಬ್ಬನೇ ಮನುಷ್ಯ ವರ್ಷವಿಡೀ ನಡೆದರೂ ಅದು ಬಾಯಿ ಬಿಡುತ್ತಿರಲಿಲ್ಲ.

ಅವನು ಕುರ್ಚಿಯ ಬಳಿಗೆ ಹೋದ. “ಮೇಡಂ, ಇನ್ನೊಂದು ಸಲ.”

“ಏನಂದ್ರಿ? ಈಗ ತಾನೇ ನಿಲ್ಲಿಸಿ ಅಂದ್ರಿ?”

“ಇನ್ನೊಂದು ಸಲ ಮಾಡಿಸಿ. ನಾನು ನಡುವೆ ಮಲಗ್ತೀನಿ, ನನ್ನ ಮೇಲೆ ಕಾಲಿಡಬೇಡಿ ಅಂತ ಹೇಳಿ.”

ಅರವತ್ತರ ಗಂಡಸು ಸಭಾಂಗಣದ ನಟ್ಟನಡುವೆ ಕೆನ್ನೆಯನ್ನು ನೆಲಕ್ಕೆ ಒತ್ತಿ ಮಲಗಿದ. ಹುಡುಗಿಯರು ಕಿಸಕ್ಕೆಂದರು. “ಅಯ್ಯೋ, ನಮ್ಮಪ್ಪ!” ಎಂದು ನೆಲ್ಲಿ ಸೆವೆರಿನ್‌ನ ಅಂಗಿಯಲ್ಲಿ ಮುಖ ಮುಚ್ಚಿಕೊಂಡಳು. ಮತ್ತೆ ಪಿಯಾನೋ. ಅವನ ಸುತ್ತ ಹೆಜ್ಜೆಗಳ ಚಕ್ರ ತಿರುಗಿತು, ಲಂಗಗಳ ಗಾಳಿ ಕತ್ತಿಗೆ ಬೀಸಿತು. ಕೆಳಗೆ ಮರ ಗುಂಯ್‌ಗುಡುತ್ತಿತ್ತು. ಅಷ್ಟು ದೊಡ್ಡ ದನಿ ತಾನು ಜೋಡಿಸಿದ ಪಟ್ಟಿಗಳೊಳಗೆ ಇದೆಯೆಂದು ಅವನಿಗೆ ತಿಳಿದೇ ಇರಲಿಲ್ಲ. ಚಿಕ್ಕಂದಿನಲ್ಲಿ ಚರ್ಚಿನ ದೊಡ್ಡ ಗಂಟೆಯ ಕೆಳಗೆ ನಿಂತಾಗ ಆದ ಹಾಗೆ ಅವನ ಎದೆಗೂಡು ಅದುರಿತು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದನ್ನೇ ಒಂದು ಸುತ್ತಿನ ತನಕ ಮರೆತಿದ್ದ.

“ಸಿಕ್ತಾ?” ಮೇಡಂ ಕೂಗಿದಳು.

“ಇನ್ನೊಂದು ಸಲ!”

ನಾಲ್ಕನೇ ಸುತ್ತಿಗೆ ಸಿಕ್ಕಿತು. ಮೂರನೇ ಕಿಟಕಿಯ ನೇರಕ್ಕೆ ಒಂದು ಪಟ್ಟಿಯ ಅಡಿಯಲ್ಲಿ ಬೆಣೆ ಒಣಗಿ ಕುಗ್ಗಿತ್ತು. ಪಟ್ಟಿ ಎತ್ತಿ, ಹೊಸ ಬೆಣೆ ಸೇರಿಸಿ, ಬಿಸಿ ಅಂಟು ಹಾಕಿ ಕೂರಿಸಿದ. ಮುಗಿಸುವ ಹೊತ್ತಿಗೆ ಹುಡುಗರು ಹುಡುಗಿಯರು ಗೋಡೆಗೆ ಒರಗಿ ಕೂತು, ಏಪ್ರಿಕಾಟ್ ಜಾಮ್ ತುಂಬಿದ ಕರಿದ ಬನ್ನು ತಿನ್ನುತ್ತಿದ್ದರು. ಮೂತಿಗೆಲ್ಲ ಸಕ್ಕರೆ ಪುಡಿ. ಮಟೌಷೆಕ್ ಮೇಡಂ ಅವನಿಗೂ ಒಂದು ತಂದುಕೊಟ್ಟಳು.

“ಕೂಟಕ್ಕೆ ಬರ್ತೀರಂತೆ. ನೃತ್ಯ ಮಾಡ್ತೀರಾ?”

“ನೃತ್ಯ ಬರಲ್ಲ ಮೇಡಂ. ಮೊಣಕಾಲು ಬಗ್ಗಲ್ಲ.”

“ಈಗ ಒಂದು ಗಂಟೆ ಬಗ್ಗಿತ್ತಲ್ಲ?”

“ಅದು ಕೆಲಸ.”

“ಇದೂ ಕೆಲಸಾನೇ. ಎದ್ದೇಳಿ.”

ಅವಳು ಅವನಿಗೆ ಆರು ಹೆಜ್ಜೆ ತೋರಿಸಿದಳು. ಮುಂದೆ ಒಂದು, ಪಕ್ಕಕ್ಕೊಂದು, ಸೇರಿಸು. ಹಿಂದೆ ಒಂದು, ಪಕ್ಕಕ್ಕೊಂದು, ಸೇರಿಸು. ಎಂಗಲ್ಬರ್ಟ್ ಕಾಲನ್ನು ನೋಡುತ್ತಾ ಹುಬ್ಬು ಗಂಟಿಕ್ಕಿದ. ಇದು ಅವನಿಗೆ ಗೊತ್ತಿದ್ದ ಲೆಕ್ಕ. ಒಂದು ಪಟ್ಟಿ ಇಡು, ಅದರ ಮಗ್ಗುಲಿಗೆ ಇನ್ನೊಂದು, ಮೂರನೆಯದನ್ನು ತಂದು ಸಂದಿ ಮುಚ್ಚು. ಸಂದಿ ಮುಚ್ಚದೆ ಮುಂದಿನ ಪಟ್ಟಿಗೆ ಹೋಗಬಾರದು.

“ಬಾಗೋದು ಬೇಡ” ಅಂದಳು ಮೇಡಂ. “ಸಣ್ಣ ಹೆಜ್ಜೆ ಇಡಿ. ಗೂಟ ನೀವಾಗಿ. ಸುತ್ತೋದನ್ನ ಹೆಂಡತಿಗೆ ಬಿಡಿ.”

ಅಂದು ಮನೆಗೆ ಬಂದವನು ಕೋಟನ್ನೂ ಬಿಚ್ಚದೆ ಅಡುಗೆಮನೆಗೆ ಹೋದ. ರೋಸ್ವಿಟಾ ಆಲೂಗಡ್ಡೆ ಸುಲಿಯುತ್ತಿದ್ದಳು.

“ರೋಸಿ, ಎದ್ದೇಳು.”

“ಯಾಕೆ, ಇಲಿ ಬಂತಾ?”

“ಎದ್ದೇಳು ಅಂದ್ನಲ್ಲ.”

ಚಾಕು ಹಿಡಿದ ಕೈಯನ್ನೇ ಅವನು ಹಿಡಿದುಕೊಂಡ. ಒಲೆ, ಮೇಜು, ಮಧ್ಯೆ ಮೂರು ಗೇಣು ಜಾಗ. ಬಾಯಲ್ಲಿ ಪಟ್ಟಿ ಎಣಿಸುತ್ತಾ ಅವನು ಅವಳನ್ನು ಒಂದು ಸುತ್ತು ಸುತ್ತಿಸಿದ. ಅವಳ ಸೊಂಟ ಮೇಜಿಗೆ ಬಡಿಯಿತು, ಆಲೂಗಡ್ಡೆ ನೆಲದ ತುಂಬ ಉರುಳಿತು. ಅವಳು ಬೈಯಲಿಲ್ಲ. ಚಾಕು ಮೇಜಿನ ಮೇಲಿಟ್ಟು, ಅಡುಗೆಬಟ್ಟೆಗೆ ಕೈ ಒರೆಸಿಕೊಂಡು, “ಇನ್ನೊಂದು ಸಲ ಮಾಡು” ಅಂದಳು. ಮುಂದಿನ ಹತ್ತು ದಿನವೂ ಅವರ ಮನೆಯಲ್ಲಿ ಊಟ ತಡವಾಯಿತು.

ಕೂಟದ ದಿನ ಬೆಳಗಿನಿಂದ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ತಣ್ಣಗಾಗಲಿಲ್ಲ. ನೆಲ್ಲಿ ಮಧ್ಯಾಹ್ನವೇ ಅರಮನೆಗೆ ಹೋಗಬೇಕಿತ್ತು. ತಲೆಗೆ ಪುಟ್ಟ ಕಿರೀಟ, ಮೈತುಂಬ ಆ ಹಿಮದ ಬಿಳಿ. ಬಾಗಿಲಲ್ಲಿ ನಿಂತು ತಂದೆಯ ಕಡೆ ತಿರುಗಿ ಪಾದ ಮುಂದೆ ಚಾಚಿದಳು.

“ಹಿಮ್ಮಡಿ ಅಳೀತೀಯಾ ಪಪ್ಪಾ?”

“ಹೋಗು ಹೋಗು” ಅಂದ ಅವನು. “ಊರು, ಚೆನ್ನಾಗಿ ಊರು. ಅದಕ್ಕೇ ಇರೋದು ಅದು.”

ಅವನ ಬಿಳಿಯ ಬೋ ಕಟ್ಟಲು ರೋಸ್ವಿಟಾಗೆ ಕಾಲು ಗಂಟೆ ಹಿಡಿಯಿತು. “ಅಲ್ಲಾಡಬೇಡ. ಕತ್ತು ನೋಡು, ಕಾಡುಹಂದಿ ಕತ್ತು. ಉಸಿರು ಬಿಡು. ಪೂರ್ತಿ ಬಿಡಬೇಡ.” ಆಮೇಲೆ ಅವಳು ಒಳಗೆ ಹೋಗಿ, ತಾನೇ ಹೊಲಿದ ಕಡುಹಸಿರು ನಿಲುವಂಗಿ ತೊಟ್ಟು ಬಂದಳು. ಅವನು ಕೋಟಿನ ಬಾಲ ಸರಿಮಾಡಿಕೊಳ್ಳುವ ಗಡಿಬಿಡಿಯಲ್ಲಿ “ಚೆನ್ನಾಗಿದೆ, ನಡಿ” ಅಂದನೇ ಹೊರತು ಸರಿಯಾಗಿ ನೋಡಲಿಲ್ಲ.

ಇಬ್ಬರೂ ಜೆ ಮಾರ್ಗದ ಟ್ರಾಮ್ ಹತ್ತಿದರು. ನಿಲುವಂಗಿಯ ಅಂಚು ಒದ್ದೆಯಾಗದಂತೆ ರೋಸ್ವಿಟಾ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಸಂಜೆಪಾಳಿಯ ಕೂಲಿಯವನೊಬ್ಬ ಎದ್ದು ಜಾಗ ಕೊಟ್ಟ. ತರಕಾರಿ ಚೀಲದ ಅಜ್ಜಿಯೊಬ್ಬಳು ಅವಳ ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, “ಚೆನ್ನಾಗಿ ಕುಣಿದು ಬಾರಮ್ಮ, ನನ್ನ ಪಾಲಿಂದೂ ಸೇರಿಸಿ” ಅಂದಳು. ಚಾಲಕ ಅರಮನೆಯ ನಿಲ್ದಾಣದಲ್ಲಿ ಅವರು ಪೂರ್ತಿ ಇಳಿದು ಬಟ್ಟೆ ಸರಿಮಾಡಿಕೊಳ್ಳುವವರೆಗೂ ಗಂಟೆ ಬಾರಿಸದೆ ಕಾದ.

ಎಂಗಲ್ಬರ್ಟ್‌ನ ಕಾಲು ತಾನಾಗಿಯೇ ಹಿಂದಿನ ಅಂಗಳದ ಕಡೆ ತಿರುಗಿತು. ರೋಸ್ವಿಟಾ ತೋಳು ಹಿಡಿದು ಎಳೆದಳು. “ಇವತ್ತು ಮುಂದಿನ ಬಾಗಿಲು.” ಅಮೃತಶಿಲೆಯ ಮೆಟ್ಟಿಲ ಎರಡೂ ಬದಿ ಲಿಲಾಕ್, ಗುಲಾಬಿ, ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಮೇ ತಿಂಗಳು. ಇಪ್ಪತ್ತು ವರ್ಷದಿಂದ ಪರಿಚಯವಿದ್ದ ಬಾಗಿಲಿನವನು ಗುರುತು ಹಿಡಿಯದೆ ಸೊಂಟ ಬಗ್ಗಿಸಿ ವಂದಿಸಿದ. ಎಂಗಲ್ಬರ್ಟ್ ತಾನೂ ಅಷ್ಟೇ ಬಗ್ಗಿ ವಂದಿಸಿ ಒಳನಡೆದ.

ಸಭಾಂಗಣವನ್ನು ಅವನು ಕಂಡದ್ದು ಬೆಳಗಿನ ಬೂದು ಬೆಳಕಲ್ಲಿ, ಕೆಲಸದ ದೀಪದಲ್ಲಿ. ಈಗ ಹನ್ನೆರಡು ತೂಗುದೀಪಗಳೂ ಉರಿಯುತ್ತಿದ್ದವು. ಅವುಗಳ ಬೆಳಕು ನೆಲಕ್ಕೆ ಬಿದ್ದು ನೆಲದಿಂದ ಮೇಲೆದ್ದು ಎಲ್ಲರ ಗಲ್ಲದಡಿ ಹೊಳೆಯುತ್ತಿತ್ತು. ಆ ಹೊಳಪು ತನ್ನ ಮೇಣದ್ದು ಎಂದು ಅವನಿಗೆ ಗೊತ್ತು. ಆದರೂ ಅದು ತನ್ನ ಕೈಯಿಂದ ಆದದ್ದೆಂದು ನಂಬಿಕೆ ಬರಲಿಲ್ಲ.

ಕಹಳೆ ಊದಿತು. ಜನ ಗೋಡೆಗೆ ಸರಿದು ದಾರಿ ಬಿಟ್ಟರು. ಬಾಗಿಲಿನಿಂದ ಎರಡೆರಡಾಗಿ ಕರಿಕೋಟಿನ ಹುಡುಗರು, ಬಿಳಿ ಉಡುಪಿನ ಹುಡುಗಿಯರು ಬಂದರು; ಬಂದರು, ಬರುತ್ತಲೇ ಇದ್ದರು. ಮೂರನೇ ಸಾಲಲ್ಲಿ ನೆಲ್ಲಿ. ಬಾಯಿ ಮುಚ್ಚಿತ್ತು, ಕಣ್ಣು ನೇರಕ್ಕೆ. ಬನ್ನು ತಿಂದು ಮೂತಿ ಸಕ್ಕರೆ ಮಾಡಿಕೊಂಡಿದ್ದವರು ಇವರೇನಾ? ವಾದ್ಯವೃಂದ ಒಂದು ಕ್ಷಣ ಉಸಿರು ಹಿಡಿಯಿತು. ತೊಂಬತ್ತಾರು ಬಿಳಿ ಲಂಗಗಳು ಎಡಕ್ಕೆ ಅರಳಿದವು. ಎಂಗಲ್ಬರ್ಟ್‌ನ ಅಂಗಾಲಿನ ಕೆಳಗೆ ನೆಲ ಇಳಿಯಿತು, ಎದ್ದಿತು. ಟಕ್ ಎನ್ನಲಿಲ್ಲ. ಅವನಿಗೆ ಅದರ ನೆನಪೂ ಬರಲಿಲ್ಲ. ಅವನ ಟೊಪ್ಪಿಗೆ ಕೈಯಿಂದ ಯಾವಾಗ ಜಾರಿತೋ, ಯಾರು ಎತ್ತಿಕೊಟ್ಟರೋ ಗೊತ್ತಾಗಲಿಲ್ಲ.

“ಎಲ್ಲರೂ ವಾಲ್ಟ್ಜ್‌ಗೆ!” ಎಂದು ಕೂಗು ಬಂತು. ಇಡೀ ಜನ ಒಡ್ಡು ಒಡೆದ ನೀರಿನ ಹಾಗೆ ನುಗ್ಗಿತು. ರೋಸ್ವಿಟಾ ಕೈ ಚಾಚಿದಳು. ಅವನು ಗೂಟವಾದ, ಅವಳು ಸುತ್ತಿದಳು. ಮೊದಲ ಸುತ್ತಲ್ಲಿ ಅವಳ ಕಾಲು ತುಳಿದ, ಎರಡನೆಯದರಲ್ಲಿ ಯಾವನೋ ವಕೀಲನ ಕಾಲು ತುಳಿದ, ಮೂರನೆಯದರಲ್ಲಿ ಯಾರದ್ದನ್ನೂ ತುಳಿಯಲಿಲ್ಲ. ಮೂರು ವಾಲ್ಟ್ಜ್ ಆದಮೇಲೆ ಎಡ ಮೊಣಕಾಲು ಸಾಕು ಎಂದಿತು. ಬೆವರಿ ಕೆಂಪಾಗಿ ಓಡಿಬಂದ ನೆಲ್ಲಿ, “ಪಪ್ಪಾ, ಮೇಲೆ ಹೋಗಿ ಕೂತ್ಕೋ, ಅಲ್ಲಿಂದ ಎಲ್ಲ ಕಾಣುತ್ತೆ. ಅಮ್ಮನ್ನ ಸೆವೆರಿನ್ ನೋಡ್ಕೋತಾನೆ” ಎಂದು ಮೇಲಿನ ಮೊಗಸಾಲೆಗೆ ಹತ್ತಿಸಿ ಹೋದಳು.

ಅವನು ಕೋಟಿನ ಬಾಲ ಎತ್ತಿ ಕುರ್ಚಿಯಲ್ಲಿ ಕೂತು ಕಟಕಟೆಗೆ ಮೊಣಕೈ ಊರಿದ. ಕೆಳಗೆ ನೆಲವೇ ಇರಲಿಲ್ಲ. ಒಂದು ಪಟ್ಟಿಯೂ ಕಾಣುತ್ತಿರಲಿಲ್ಲ. ಬರೀ ಸುತ್ತುವ ಬಣ್ಣ, ಬಿಳಿ, ಕರಿ, ಕೆಂಪು, ಅವುಗಳ ಮಧ್ಯೆ ಕಡುಹಸಿರಿನದೊಂದು. ಆ ಹಸಿರುಡುಪಿನ ಹೆಂಗಸು ಯಾರೋ, ಎಷ್ಟು ಹಗುರವಾಗಿ ಸುತ್ತುತ್ತಾಳೆ, ಬೆನ್ನು ಎಷ್ಟು ಚೆಂದ ಹಿಡಿದಿದ್ದಾಳೆ ಅಂದುಕೊಂಡ. ಕತ್ತು ಹಿಂದಕ್ಕೆ ಬಾಗಿಸಿ ನಗುತ್ತಿದ್ದಳು, ಇಡೀ ಸಭಾಂಗಣದಲ್ಲಿ ತಾನೊಬ್ಬಳೇ ಇರುವವಳ ಹಾಗೆ. ಜೋಡಿಯ ಹುಡುಗ ಉದ್ದಕ್ಕಿದ್ದ. ಆ ಹುಡುಗನ ಎತ್ತರ ಎಲ್ಲೋ ನೋಡಿದ ಹಾಗಿದೆ ಅನ್ನಿಸಿದ ಮೇಲೆಯೇ ಅವನಿಗೆ ಆ ಹೆಂಗಸಿನ ಗುರುತು ಸಿಕ್ಕಿದ್ದು.

ಎಂಗಲ್ಬರ್ಟ್ ಕಟಕಟೆ ಹಿಡಿದು ನಿಂತ. ಇಪ್ಪತ್ತಾರು ವರ್ಷ ಒಂದೇ ಮೇಜಲ್ಲಿ ಉಂಡಿದ್ದರು. ಅವಳನ್ನು ಇಷ್ಟು ದೂರದಿಂದ, ಇಷ್ಟು ಬೆಳಕಲ್ಲಿ ಅವನು ನೋಡಿರಲಿಲ್ಲ. ಬೋ ಬಿಗಿಯಾಗಿರಬೇಕೆಂದು ಬೆರಳು ಹಾಕಿ ಸಡಿಲಿಸಹೋದ. ಬೋ ಸಡಿಲವೇ ಇತ್ತು.

ಕೆಳಗೆ ಸಂಗೀತ ನಿಂತು ಜನ ಚಪ್ಪಾಳೆ ತಟ್ಟಿದರು. ಪಿಟೀಲಿನವರು ಮುಂದಿನ ಹಾಳೆ ತಿರುವುತ್ತಿದ್ದರು. ಪಕ್ಕದಲ್ಲಿದ್ದ ಮುದುಕಿ, “ಕೂತ್ಕೊಳ್ಳಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ” ಅಂದಳು.

“ಕಾಣುತ್ತೆ ತಾಯಿ, ಅದಕ್ಕೇ ಹೋಗ್ತಿದೀನಿ” ಎಂದು ಅವನು ಒಂದು ಕೈಯಲ್ಲಿ ಕಟಕಟೆ, ಇನ್ನೊಂದರಲ್ಲಿ ಕೋಟಿನ ಬಾಲ ಹಿಡಿದು, ಒಂದೊಂದೇ ಮೆಟ್ಟಿಲಾಗಿ ಇಳಿಯತೊಡಗಿದ.